ಮೊದಲು ಸ್ಪೀಕರೋ, ಆಂಪ್ಲಿಫೈಯರೋ?

ಶಿವಮೊಗ್ಗ, ಭದ್ರಾವತಿಗಳ ಮನೆಗಳಲ್ಲಿ 1965ರಿಂದ ಭದ್ರಾವತಿ ಆಕಾಶವಾಣಿಯ ಧ್ವನಿ ಕೇಳಿಬರುತ್ತಿದೆ. ಹಳೆಯ ರೇಡಿಯೋ ಇದ್ದ ಜಾಗದಲ್ಲಿ ಈಗ ಎರಡು ಪೆಟ್ಟಿಗೆಗಳ ಸ್ಟೀರಿಯೋ ಬಂದು ಕುಳಿತಿರುವುದೂ ಉಂಟು. ಅದರ ನಾದ ಸಾಲದೆನಿಸಿ, ಕೈಯಲ್ಲಿ ಕೊಂಚ ಹಣ ಕೂಡಿದಾಗ, ಮೊದಲು ಯಾವುದನ್ನು ಬದಲಿಸಬೇಕೆಂಬ ಪ್ರಶ್ನೆ ಏಳುತ್ತದೆ. ಹಲವರು ಹೆಚ್ಚು ವಾಟಿನ ಆಂಪ್ಲಿಫೈಯರಿಗೆ ಮರುಳಾಗುತ್ತಾರೆ. ಸಾಮಾನ್ಯವಾಗಿ ಇದು ತಪ್ಪು ಆಯ್ಕೆಯೆಂಬುದು ನಮ್ಮ ಅಭಿಪ್ರಾಯ.

ಆಂಪ್ಲಿಫೈಯರಿನ ಕೆಲಸ ಕ್ಷೀಣವಾದ ವಿದ್ಯುತ್ ಸಂಕೇತವನ್ನು ಆಕಾರ ಕೆಡದಂತೆ ದೊಡ್ಡದು ಮಾಡುವುದು. ಇಂದಿನ ಸಾಧಾರಣ ಆಂಪ್ಲಿಫೈಯರ್ ಕೂಡ ಇದನ್ನು ಚೆನ್ನಾಗಿಯೇ ಮಾಡುತ್ತದೆ. ಸ್ಪೀಕರಿನ ಪಾಡು ಬೇರೆ. ಅದು ವಿದ್ಯುತ್ತನ್ನು ಚಲನೆಯಾಗಿ, ಚಲನೆಯನ್ನು ಶಬ್ದವಾಗಿ ಮಾರ್ಪಡಿಸಬೇಕು. 1923ರಿಂದ ಕಬ್ಬಿಣಕ್ಕೂ, 1936ರಲ್ಲಿ ಗಿರಣಿ ಸ್ಥಾಪನೆಯಾದ ಮೇಲೆ ಕಾಗದಕ್ಕೂ ಭದ್ರಾವತಿ ಹೆಸರಾಯಿತು. ಸ್ಪೀಕರಿನ ಒಡಲಿನಲ್ಲಿಯೂ ಅನೇಕ ವೇಳೆ ಈ ಎರಡು ವಸ್ತುಗಳೇ ಜೊತೆಗೂಡಿರುತ್ತವೆ. ಅಯಸ್ಕಾಂತದ ಬಲವನ್ನು ಕಬ್ಬಿಣವು ಕಿರಿದಾದ ಸಂದಿಗೆ ತರುತ್ತದೆ. ಅಲ್ಲಿ ತಂತಿಯ ಸುರುಳಿ ಹಿಂದುಮುಂದಾಗಿ ಚಲಿಸುತ್ತದೆ. ಸುರುಳಿಗೆ ಅಂಟಿದ ಕಾಗದದ ಶಂಕು ಗಾಳಿಯನ್ನು ತಳ್ಳುತ್ತದೆ. ಶಂಕುವಿಗೆ ತೂಕವಿದೆ, ಬಾಗುವ ಗುಣವಿದೆ. ಪೆಟ್ಟಿಗೆಗೂ ತನ್ನದೇ ಆದ ಕಂಪನವಿದೆ. ಆದುದರಿಂದ ಒಂದು ಸ್ವರ ಉಬ್ಬಿದರೆ ಇನ್ನೊಂದು ಕುಗ್ಗುತ್ತದೆ. ಮನೆಯ ಸ್ಪೀಕರಿನಲ್ಲಿ ಕೊಟ್ಟ ಶಕ್ತಿಯ ಸುಮಾರು ನೂರನೆಯ ಒಂದು ಭಾಗ ಮಾತ್ರ ಶಬ್ದವಾಗುತ್ತದೆ. ಉಳಿದುದು ಬಹುಮಟ್ಟಿಗೆ ಶಾಖವಾಗಿ ಹೋಗುತ್ತದೆ.

ವಾಟುಗಳ ಲೆಕ್ಕವನ್ನೂ ನೋಡೋಣ. 50 ವಾಟಿನ ಬದಲು 100 ವಾಟಿನ ಯಂತ್ರ ತಂದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಜೋರೆನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು! 1 ವಾಟಿಗೆ 1 ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುವ ಸ್ಪೀಕರಿನ ಸ್ಥಳದಲ್ಲಿ 90 ಡೆಸಿಬೆಲ್ ಕೊಡುವುದನ್ನು ಇಟ್ಟರೆ, ಹಳೆಯ ಆಂಪ್ಲಿಫೈಯರಿನಿಂದಲೇ ಆ 3 ಡೆಸಿಬೆಲ್ ದೊರೆಯುತ್ತದೆ.

ಹಾಗೆಂದು ಆಂಪ್ಲಿಫೈಯರ್ ಎಂದೂ ನಿರಪರಾಧಿಯೆಂದು ನಾವು ವಾದಿಸುವುದಿಲ್ಲ. ಅದು ಗುಂಯ್‌ಗುಡುತ್ತಿದ್ದರೆ, ಅಥವಾ ಶಕ್ತಿ ಸಾಲದೆ ಅಲೆಗಳ ತುದಿಯನ್ನು ಕತ್ತರಿಸಿ ಸ್ವರವನ್ನು ಒಡೆಯುತ್ತಿದ್ದರೆ, ಬದಲಿಸಬೇಕಾದುದು ಅದನ್ನೇ. ತಿಳಿಯುವುದು ಹೇಗೆ? ಸ್ನೇಹಿತರಿಂದ ಸ್ಪೀಕರುಗಳನ್ನು ಎರವಲು ತನ್ನಿ. ಉಳಿದುದೆಲ್ಲ ಹಾಗೆಯೇ ಇರಲಿ. ದೋಷ ಮಾಯವಾದರೆ ಸ್ಪೀಕರಿನದು. ಉಳಿದರೆ ಆಂಪ್ಲಿಫೈಯರನ್ನು ಶಂಕಿಸಿರಿ. ಹೋಲಿಸುವಾಗ ಎರಡರ ಧ್ವನಿಯೂ ಒಂದೇ ಮಟ್ಟದಲ್ಲಿರಬೇಕು. ಜೋರಾದುದೇ ಇಂಪೆಂದು ಕಿವಿ ಸುಲಭವಾಗಿ ಮೋಸಹೋಗುತ್ತದೆ.

ಪರೀಕ್ಷೆಗೆ ಮನುಷ್ಯಕಂಠಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ. ಶಿವಮೊಗ್ಗದ ಸಮೀಪದಲ್ಲಿ ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಗಮಕಿಯೊಬ್ಬರ ಕಂಠವನ್ನು ಎದುರು ಕುಳಿತು ಕೇಳಿ, ಬಳಿಕ ಗಮಕದ ಮುದ್ರಿಕೆಯೊಂದನ್ನು ಮನೆಯಲ್ಲಿ ಆಲಿಸಿರಿ. ವಾದ್ಯಮೇಳದಲ್ಲಿ ಮರೆಯಾಗುವ ದೋಷ ಒಂಟಿಕಂಠದಲ್ಲಿ ಅಡಗಲಾರದು. ಅದಕ್ಕೂ ಮೊದಲು ಸ್ಪೀಕರನ್ನು ಗೋಡೆಯ ಮೂಲೆಯಿಂದ ಈಚೆಗೆ ಸರಿಸಿ ನೋಡಿ. ಮೂಲೆಯಲ್ಲಿ ಮಂದ್ರ ಸ್ವರಗಳು ಊದಿಕೊಳ್ಳುತ್ತವೆ. ಈ ಪ್ರಯೋಗಕ್ಕೆ ಬಿಡಿಕಾಸಿನ ವೆಚ್ಚವೂ ಇಲ್ಲ.

ಮನೆಯ ಹಿರಿಯರು ಬೆವರು ಸುರಿಸಿ ಕೂಡಿಟ್ಟ ಹಣವನ್ನು ಜಾಹೀರಾತಿನ ದೊಡ್ಡ ಅಂಕಿಗೆ ಒಪ್ಪಿಸುವ ಮೊದಲು ಅಳೆದು, ಹೋಲಿಸಿ, ಕೇಳಿ ನೋಡಬೇಕು. ತರಗತಿಯಲ್ಲಿ ಕಲಿತ ವಿಜ್ಞಾನ ಮನೆಯ ಪಡಸಾಲೆಯಲ್ಲಿ ಉಪಯೋಗಕ್ಕೆ ಬಾರದಿದ್ದರೆ ಅದನ್ನು ಕಲಿತು ಫಲವೇನು?