ಹೆಚ್ಚು ಬೇಕೆನ್ನುವುದೆಲ್ಲ ‘ಗ್ರೀಡ್’ ಅಲ್ಲ

ನಮ್ಮ ಲೈಬ್ರರಿಯಲ್ಲಿ ದ್ವಿತೀಯ ಪಿಯು ಭೌತಶಾಸ್ತ್ರದ ಹಳೆಯ ಪ್ರಶ್ನೆಪತ್ರಿಕೆಗಳ ಪುಸ್ತಕ ಇರುವುದು ಒಂದೇ ಪ್ರತಿ. ಕಳೆದ ತಿಂಗಳು ನನ್ನ ಸರದಿ ಬಂದಾಗ ತೆರೆದು ನೋಡಿದರೆ, ಉತ್ತರಗಳಿದ್ದ ಎಂಟು ಹಾಳೆಗಳೇ ಇಲ್ಲ. ಯಾರೋ ಬ್ಲೇಡಿನಿಂದ ನೀಟಾಗಿ ಕತ್ತರಿಸಿಕೊಂಡು ಹೋಗಿದ್ದರು. ಕ್ಲಾಸಿನಲ್ಲಿ ಹೇಳಿದರೆ “ಬುದ್ಧಿವಂತರು ಬಿಡು” ಎಂದು ನಕ್ಕರು.

ಅದೇ ವಾರ ನನ್ನ ಬೆಂಚಿನ ಗೆಳತಿ ಕಣ್ಣು ಕೆಂಪು ಮಾಡಿಕೊಂಡು ಬಂದಳು. ಪಿಯು ಆದಮೇಲೆ ಬಿಎಸ್ಸಿ, ಆಮೇಲೆ ಎಂಎಸ್ಸಿ ಓದುತ್ತೇನೆ ಎಂದು ಮನೆಯಲ್ಲಿ ಹೇಳಿದ್ದಕ್ಕೆ ಅವಳ ಖಾಲಾ, “ಇಲ್ಲಿವರೆಗೆ ಓದಿಸಿದ್ದೇ ಹೆಚ್ಚು, ಇಷ್ಟು ಲಾಲಚ್ ಒಳ್ಳೆಯದಲ್ಲ ಬೇಟಿ” ಅಂದರಂತೆ.

ಹಾಳೆ ಕತ್ತರಿಸಿದವರು ಬುದ್ಧಿವಂತರು, ಓದಬೇಕು ಅಂದವಳು ಆಸೆಬುರುಕಿ. ಇದು ನನ್ನ ತಲೆ ಕೆಡಿಸಿತು. ನಾವು ಯಾರಿಗೆ ಯಾವ ಪದ ಅಂಟಿಸುತ್ತಿದ್ದೇವೆ? ನಮ್ಮ ಇಂಗ್ಲಿಷ್ ಉಪನ್ಯಾಸಕರು ಪದಗಳ ಮೂಲ ಹೇಳುವ ನಿಘಂಟನ್ನು ಕೊಟ್ಟರು. ‘ಗ್ರೀಡ್’ ಎಂಬಲ್ಲಿಂದ ಶುರು ಮಾಡಿದೆ.

ಮೊದಲ ಆಶ್ಚರ್ಯ ಎಂದರೆ ‘ಗ್ರೀಡ್’ ಎಂಬ ನಾಮಪದ ಇಂಗ್ಲಿಷಿನಲ್ಲಿ ಹುಟ್ಟಿದ್ದು ತಡವಾಗಿ, ಸುಮಾರು 1600ರ ಹೊತ್ತಿಗೆ. ಅದಕ್ಕೂ ಎಷ್ಟೋ ಶತಮಾನ ಮೊದಲಿನಿಂದ ಇದ್ದದ್ದು ‘ಗ್ರೀಡಿ’ ಎಂಬ ಗುಣವಾಚಕ. ಹಳೆಯ ಇಂಗ್ಲಿಷಿನಲ್ಲಿ ಅದು ‘ಗ್ರೇಡಿಗ್’. ‘ಬೇವುಲ್ಫ್’ ಎಂಬ ಹಳೆಯ ಕಾವ್ಯದಲ್ಲಿ ಮನುಷ್ಯರನ್ನು ತಿನ್ನುವ ಗ್ರೆಂಡೆಲ್ ಎಂಬ ರಾಕ್ಷಸನಿಗೆ ಈ ವಿಶೇಷಣ ಇದೆ. ‘ಎಡಿಟರ್’ ಎಂಬ ಪದದಿಂದ ಆಮೇಲೆ ‘ಎಡಿಟ್’ ಎಂಬ ಕ್ರಿಯಾಪದ ಹುಟ್ಟಿದ ಹಾಗೆ, ‘ಗ್ರೀಡಿ’ಯ ಬಾಲ ಕತ್ತರಿಸಿ ‘ಗ್ರೀಡ್’ ಮಾಡಿಕೊಂಡರು. ಅಂದರೆ ಆಸೆಬುರುಕ ಮೊದಲು ಸಿಕ್ಕಿದ, ದುರಾಸೆಗೆ ಹೆಸರು ಆಮೇಲೆ ಬಂತು. ಬೇರೆಯವರಿಗೆ ಹೆಸರಿಡುವುದರಲ್ಲಿ ಮನುಷ್ಯರು ಎಲ್ಲ ಕಾಲದಲ್ಲೂ ಚುರುಕು ಅನಿಸುತ್ತದೆ!

ಇನ್ನೂ ಹಿಂದಕ್ಕೆ ಹೋದರೆ ಪದದ ಬೇರು ಬೇರೆಯೇ ಮುಖ ತೋರಿಸುತ್ತದೆ. ಇಂಗ್ಲಿಷಿನ ಹಳೆಯ ಬಂಧು ಗಾಥಿಕ್ ಎಂಬ ಭಾಷೆ. ಅದು ಈಗ ಸತ್ತುಹೋಗಿದೆ, ನಾಲ್ಕನೇ ಶತಮಾನದಲ್ಲಿ ಮಾಡಿದ ಬೈಬಲ್ ಅನುವಾದದಿಂದಾಗಿ ಉಳಿದುಕೊಂಡಿದೆ. ಅದರಲ್ಲಿ ‘ಗ್ರೇಡಸ್’ ಎಂದರೆ ಹಸಿವು, ‘ಗ್ರೇಡಗ್ಸ್’ ಎಂದರೆ ಹಸಿದವನು. ಬೈಗುಳ ಅಲ್ಲ, ಪಾಪವೂ ಅಲ್ಲ. ಊಟದ ಹೊತ್ತಾಗಿದೆ, ಅಷ್ಟೇ.

ನಮ್ಮ ‘ಲೋಭ’ದ ಕತೆಯೂ ಹೀಗೇ. ಸಂಸ್ಕೃತದ ಈ ಪದದ ಧಾತುವೂ ಇಂಗ್ಲಿಷಿನ ‘ಲವ್’ ಪದದ ಮೂಲವೂ ಒಂದೇ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಒಂದೇ ಬೇರು ಅಲ್ಲಿ ಪ್ರೀತಿಯಾಯಿತು, ಇಲ್ಲಿ ಅರಿಷಡ್ವರ್ಗದ ಪಟ್ಟಿ ಸೇರಿತು. ಮನೆಯಲ್ಲಿ ಉರ್ದು ಆಡುವ ನಮಗೆ ಗೊತ್ತಿರುವ ‘ಹಿರ್ಸ್’ ಎಂದರೆ ದುರಾಸೆಯೇ. ಆದರೆ ಅದೇ ಅರಬಿ ಧಾತುವಿನ ಪದವನ್ನು ಸೂರಃ ತೌಬಾದ 128ನೇ ಆಯತ್ತಿನಲ್ಲಿ ಪ್ರವಾದಿ (ಸ) ಅವರಿಗೆ ಬಳಸಲಾಗಿದೆ. ವಿಶ್ವಾಸಿಗಳ ಒಳಿತಿಗಾಗಿ ಅವರಿಗಿದ್ದ ತೀವ್ರ ಕಾಳಜಿಯನ್ನು ಹೇಳುವಾಗ. ‘ತಮಅ್’ ಕೂಡ ಉರ್ದುವಿನಲ್ಲಿ ಲಾಲಚ್. ಸೂರಃ ಸಜ್ದಾದಲ್ಲಿ ಅದು ರಾತ್ರಿ ಎದ್ದು ಭಯದಿಂದಲೂ ನಿರೀಕ್ಷೆಯಿಂದಲೂ ರಬ್ಬನ್ನು ಕರೆಯುವವರ ನಿರೀಕ್ಷೆಗೆ ಬಳಕೆಯಾದ ಪದ.

ಹಾಗಾದರೆ ಬಯಕೆ ಯಾವಾಗ ದುರಾಸೆಯಾಗುತ್ತದೆ? ಕನ್ನಡ ಕೊಡುವ ಉತ್ತರ ಅಳತೆಯದ್ದು: ‘ಅತಿ’ ಆದರೆ ಅತಿಯಾಸೆ. ಆದರೆ ಅತಿ ಎಂಬುದನ್ನು ತೀರ್ಮಾನಿಸುವವರು ಯಾರು? ಅಣ್ಣನಿಗೆ ಇಂಜಿನಿಯರಿಂಗ್ ಅತಿಯಲ್ಲ, ತಂಗಿಗೆ ಬಿಎಸ್ಸಿ ಅತಿ ಎನ್ನುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ನನಗೆ ಹೆಚ್ಚು ಸರಿ ಕಂಡದ್ದು ಗ್ರೀಕರ ಪದ. ಅರಿಸ್ಟಾಟಲ್ ನ್ಯಾಯದ ಬಗ್ಗೆ ಬರೆಯುವಾಗ ‘ಪ್ಲಿಯೊನೆಕ್ಸಿಯಾ’ ಎನ್ನುತ್ತಾನೆ. ಅಕ್ಷರಶಃ ಅದು ‘ಹೆಚ್ಚು ಇಟ್ಟುಕೊಳ್ಳುವುದು’, ಅಂದರೆ ತನ್ನ ಪಾಲಿಗಿಂತ ಹೆಚ್ಚು. ಇಂಗ್ಲಿಷ್ ಪದ ಹೊಟ್ಟೆಯನ್ನು ನೋಡುತ್ತದೆ, ಗ್ರೀಕ್ ಪದ ಪಕ್ಕದವನ ತಟ್ಟೆಯನ್ನೂ ನೋಡುತ್ತದೆ. ಕುರ್‌ಆನ್ ಖಂಡಿಸುವ ‘ಶುಹ್ಹ್’ ಕೂಡ ಇಂಥದ್ದೇ: ತನಗೇ ಬೇಕು, ಇನ್ನೊಬ್ಬರಿಗೆ ಕೊಡಬಾರದು ಎಂಬ ಮನಸ್ಸಿನ ಬಿಗಿತ. ಈ ಪದ ಸೂರಃ ಹಶ್ರ್‌ನ 9ನೇ ಆಯತ್ತಿನಲ್ಲಿ ಎಲ್ಲಿ ಬರುತ್ತದೆ ನೋಡಿ. 622ರಲ್ಲಿ ಮಕ್ಕಾ ಬಿಟ್ಟು ಬಂದ ಮುಹಾಜಿರರನ್ನು ಮದೀನಾದ ಅನ್ಸಾರರು ಬರಮಾಡಿಕೊಂಡರು. ತಮಗೇ ಕೊರತೆ ಇದ್ದರೂ ಬಂದವರಿಗೆ ಮೊದಲು ಕೊಟ್ಟರು ಎಂಬ ಮೆಚ್ಚುಗೆಯ ಬೆನ್ನಿಗೇ ಶುಹ್ಹ್‌ನಿಂದ ಪಾರಾದವರೇ ಗೆದ್ದವರು ಎಂಬ ಮಾತು ಬರುತ್ತದೆ. ಅನ್ಸಾರರ ಮನೆಯಲ್ಲಿ ಗಾಥಿಕ್ ಭಾಷೆಯ ‘ಗ್ರೇಡಸ್’ ಇತ್ತು, ಇಂಗ್ಲಿಷಿನ ‘ಗ್ರೀಡ್’ ಇರಲಿಲ್ಲ.

ಈ ಅಳತೆಗೋಲು ಹಿಡಿದು ನನ್ನ ಗೆಳತಿಯನ್ನು ನೋಡಿ. ಅವಳು ಓದಿದರೆ ಯಾರ ತಟ್ಟೆಯಿಂದ ಏನು ಕಡಿಮೆಯಾಗುತ್ತದೆ? ಹೆಚ್ಚು ಬೇಕು ಎಂದು ಕೇಳುವುದನ್ನು ಕುರ್‌ಆನೇ ಒಂದು ಕಡೆ ಕಲಿಸಿದೆ. ಸೂರಃ ತಾಹಾದ ಆ ದುಆ ನಮ್ಮ ಕಾಲೇಜಿನಲ್ಲಿ ಯಾರಿಗೆ ಬಾಯಿಪಾಠ ಇಲ್ಲ? ಅಲ್ಲಿ ಕೇಳುವ ಹೆಚ್ಚಳ ಜ್ಞಾನದ್ದು. ಸೂರಃ ತಕಾಸುರ್ ಎಚ್ಚರಿಸುವ ‘ಹೆಚ್ಚು’ ಬೇರೆ. ಅದು ಕಬರು ಸೇರುವವರೆಗೂ ಬಿಡದ ಪೈಪೋಟಿ.

ಖಾಲಾ ಕೆಟ್ಟವರಲ್ಲ. ಫೀಸು ಎಲ್ಲಿಂದ, ದಿನಾ ಎರಡು ಬಸ್ಸು ಹತ್ತಿ ಹೋಗುವ ಹುಡುಗಿ ಸಂಜೆ ಎಷ್ಟು ಹೊತ್ತಿಗೆ ಮನೆ ಸೇರುತ್ತಾಳೆ ಎಂಬ ಚಿಂತೆ ಅವರಿಗೆ ನಿಜವಾಗಿ ಇದೆ. ಆದರೆ ದುಡ್ಡಿಲ್ಲ ಎಂದರೆ ದುಡ್ಡಿಲ್ಲ ಎನ್ನಬೇಕು. ಸ್ಕಾಲರ್‌ಶಿಪ್ ಹುಡುಕಬಹುದು, ದಾರಿ ಯೋಚಿಸಬಹುದು. ಲಾಲಚ್ ಎಂದುಬಿಟ್ಟರೆ ಆ ಹುಡುಗಿ ದಾರಿ ಹುಡುಕುವುದನ್ನು ಬಿಟ್ಟು ತೌಬಾ ಮಾಡಲು ಕೂರುತ್ತಾಳೆ.

ಒಳ್ಳೆಯ ಕಾಲೇಜಿನಲ್ಲಿ ಸೀಟುಗಳು ಇಷ್ಟೇ, ನಿನಗೆ ಸಿಕ್ಕರೆ ಇನ್ನೊಬ್ಬರಿಗೆ ತಪ್ಪುತ್ತದಲ್ಲ ಎಂದು ಯಾರಾದರೂ ಕೇಳಬಹುದು. ನಾನೂ ಇದರ ಬಗ್ಗೆ ಬಹಳ ಯೋಚಿಸಿದೆ. ಒಂದೇ ಪುಸ್ತಕ ಓದಿ, ಒಂದೇ ಪರೀಕ್ಷೆ ಬರೆದು ಸೀಟು ಪಡೆದರೆ ಅದು ನನ್ನ ಪಾಲು. ಉಳಿದವರು ಓದದಂತೆ ಪುಸ್ತಕವನ್ನೇ ಕತ್ತರಿಸಿದರೆ ಅಲ್ಲ. ಹಾಗೆಂದು ನಾನೇನೂ ಸಾಚಾ ಅಲ್ಲ. ಮಧ್ಯವಾರ್ಷಿಕ ಪರೀಕ್ಷೆಗೆ ಮುಂಚೆ ಕೆಮಿಸ್ಟ್ರಿ ನೋಟ್ಸ್ ಕೇಳಿದವಳಿಗೆ “ಮನೆಯಲ್ಲಿ ಬಿಟ್ಟು ಬಂದೆ” ಅಂದಿದ್ದೆ. ನೋಟ್ಸ್ ಬ್ಯಾಗಿನಲ್ಲೇ ಇತ್ತು. ನನಗೆ ಅದರಿಂದ ಒಂದು ಮಾರ್ಕೂ ಹೆಚ್ಚು ಬರಲಿಲ್ಲ ಎನ್ನುವುದು ಬೇರೆ ಮಾತು.

ಈಗ ಅವಳಿಗೆ ಆ ನೋಟ್ಸ್ ಕೊಟ್ಟಿದ್ದೇನೆ. ಲೈಬ್ರರಿಯ ಪುಸ್ತಕದಲ್ಲಿ ಮಾತ್ರ ಎಂಟು ಹಾಳೆ ಇನ್ನೂ ಇಲ್ಲ. ತೆಗೆದುಕೊಂಡವರು ಈ ಪತ್ರಿಕೆ ಓದುತ್ತಿದ್ದರೆ, ಯಾರೂ ಇಲ್ಲದ ಹೊತ್ತಿನಲ್ಲಿ ಕೌಂಟರಿನ ಮೇಲೆ ಇಟ್ಟು ಹೋಗಬಹುದು. ಅಂಟಿಸಲು ಗೋಂದು ನಾನು ತರುತ್ತೇನೆ.