ಬೆಕ್ಕಿಗೆಂಥಾ ದವಾಖಾನಿ ಅಂತೀರೇನು?

ಆಕಳ ಒಂದು ಹೊತ್ತು ಮೇವು ಬಿಟ್ಟಿತಂದ್ರ ಮನಿ ಮಂದಿಯೆಲ್ಲಾ ಎದ್ದು ನಿಂದರ್ತೀವಿ. ಪಶು ಡಾಕ್ಟರಿಗೆ ಫೋನ್ ಹೋಗ್ತದ. ನಾಯಿಗೆ ವರ್ಷಾ ಸೂಜಿ ಹಾಕಸ್ತೀವಿ. ಬೆಕ್ಕಿನ ಮರಿ ತಂದ್ರ ಮಾತ್ರ ಒಂದು ಬಟ್ಟಲ ಹಾಲಿಟ್ಟು, "ಇಲಿ ಹಿಡಕೊಂಡು ಇರ್ತದ ಬಿಡ್ರಿ, ಅದಕ್ಕೇನು ಮಾಡೂದು" ಅಂತೀರಿ. ಈ ಮಾತು ಕೇಳಿದ್ರ ನನಗ ಮೈ ಉರೀತದ.

ಆ ಹಾಲೂ ಅದಕ್ಕ ಸರಿಯಾಗಿ ಅರಗೂದಿಲ್ಲ, ಭೇದಿ ಹತ್ತತದ. ಆಮ್ಯಾಲ ಹೊಲಸು ಬೆಕ್ಕು ಅಂತ ಬೈಗಳಾ ಅದಕ್ಕ! ಕುಡಿಲಿಕ್ಕೆ ನೀರಿಡ್ರಿ. ಬೆಕ್ಕಿಗೆ ಮಾಂಸದ ಆಹಾರ ಬೇಕೇ ಬೇಕು, ಬರೇ ಮೊಸರನ್ನದ ಮ್ಯಾಲ ಅದು ಬದುಕೂದಿಲ್ಲ. ನಮ್ಮಂಥಾ ಮನಿಯವರು ಪ್ಯಾಟಿಯಿಂದ ಬೆಕ್ಕಿನ ಪಾಕೀಟು ತರ್ರಿ.

ಮರಿ ಹೊಟ್ಟಿ ಡೊಳ್ಳಾಗಿ ಬೆನ್ನು ಕಡ್ಡಿ ಆಗಿದ್ರ "ಭಾಳ ಉಂಡದ" ಅಂತ ನಗಬ್ಯಾಡ್ರಿ, ಬಹಳಷ್ಟು ಸಲ ಅದು ಜಂತು. ತೂಕ ನೋಡಿ ಡಾಕ್ಟರು ಔಷಧ ಕೊಡ್ತಾರ, ಒಂದ ಸಲಕ್ಕ ಮುಗಿಯೂದಿಲ್ಲ. 8 ವಾರ ಆದ ಮ್ಯಾಲ ಮೊದಲನೇ ಲಸಿಕೆ, ಮುಂದ 3-4 ವಾರಕ್ಕೊಮ್ಮೆ ಮತ್ತ. ಮೂರು ತಿಂಗಳಾದ ಮ್ಯಾಲ ರೇಬೀಸಿಂದು. ಲಸಿಕೆ ಇಲ್ಲದ ಮರಿ ವಾಂತಿ-ಭೇದಿ ಹತ್ತಿ ಎರಡು ದಿನದಾಗ ಸತ್ತ್ರ, ದೃಷ್ಟಿ ತಾಕ್ತು ಅಂತೀರಿ. ದೃಷ್ಟಿ ಅಲ್ರೀ ವೈನಿ, ಅದು ಪ್ಯಾನ್‌ಲ್ಯುಕೋಪೀನಿಯಾ ಇರಬಹುದು. ಒಂದು ಬೆಕ್ಕಿನಿಂದ ಇನ್ನೊಂದಕ್ಕ ಹಬ್ಬೋ ರೋಗ.

ಎಲ್ಲಾದಕ್ಕಿಂತ ಸಿಟ್ಟು ಬರೋದು ನಮ್ಮ ಮನಿ ವೈದ್ಯಕಿಗೆ. ನಮ್ಮ ಓಣ್ಯಾಗ ಒಬ್ಬರು ಮೈ ಬಿಸಿ ಅದ ಅಂತ ಬೆಕ್ಕಿಗೆ ಪ್ಯಾರಾಸಿಟಮಾಲ್ ತಿನಿಸಿದ್ರು. ಅರ್ಧಾ ಗುಳಿಗಿನ. ಸಂಜಿಮುಂದ ಮುಖ ಬಾತಿತ್ತು, ವಸಡು ಕಂದ ಬಣ್ಣ ಆಗಿತ್ತು, ದಮ್ಮು ಹತ್ತಿತ್ತು. ಬೆಳಗಾಗೂದ್ರಾಗ ಹೋತು. ಮನಶ್ಯಾರ ಯಕೃತ್ತು ಆ ಔಷಧಾನ ಕರಗಸ್ತದ, ಬೆಕ್ಕಿಂದು ಕರಗಸೂದಿಲ್ಲ. ರಕ್ತಕ್ಕ ಪ್ರಾಣವಾಯು ಹೊರೋ ಶಕ್ತೀನ ಹೋಗ್ತದ. ನಾಯಿಗೆ ಹಚ್ಚೋ ಚಿಕ್ಕಾಡಿನ ಔಷಧಾನೂ ಬ್ಯಾಡ, ಪರ್ಮೆತ್ರಿನ್ ಇದ್ದದ್ದು ಬೆಕ್ಕಿಗೆ ವಿಷ. ಪ್ರೀತಿ ಅಂದ್ರ ಡಬ್ಬಿ ತೆಗೆದು ಸಿಕ್ಕ ಗುಳಿಗಿ ಹಾಕೂದೇನು?

ಇನ್ನ ಆಪರೇಶನ್ ಮಾತು ತೆಗೆದ್ರ "ಪಾಪ ಹತ್ತತದ" ಅಂತೀರಿ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಬಸುರಾಗಬಹುದು, ಎರಡು ತಿಂಗಳಿಗೆ ಈಯತದ. ಆ ಮರಿಗಳನ್ನ ಗೋಣಿಚೀಲದಾಗ ಹಾಕಿ ಸಂತಿ ಬಯಲಾಗ ಬಿಟ್ಟು ಬರೂದು ಪುಣ್ಯ ಏನ್ರಿ?

ಮಕ್ಕಳಿಗೆ ಬೆಕ್ಕು ಕಚ್ಚಿದ್ರ, ಪರಚಿದ್ರ ಅರಿಷಿಣ ಮೆತ್ತಬ್ಯಾಡ್ರಿ. ಸಾಬೂನು ಹಚ್ಚಿ ಹರಿಯೋ ನೀರಾಗ 15 ನಿಮಿಷ ತೊಳದು, ಅವತ್ತ ದವಾಖಾನಿಗೆ ಕರಕೊಂಡು ಹೋಗ್ರಿ.

ರೊಕ್ಕಾ ಎಲ್ಲಿಂದ ಅನ್ನವರಿಗೆ ಸರ್ಕಾರಿ ಪಶು ದವಾಖಾನಿ ಅದ. ಒಬ್ಬ ಕಂಪೌಂಡರು "ಬೆಕ್ಕಿಗೂ ಚೀಟಿ ಮಾಡಸ್ತೀರೇನ್ರಿ ಅವ್ವಾರ" ಅಂತ ನಕ್ಕ. ಮಾಡಸ್ತೀನಿ, ಹರೀರಿ ಅಂದೆ. ಮುಚ್ಚಳ ಇದ್ದ ಬುಟ್ಟ್ಯಾಗ ಹಳೇ ಸೀರಿ ಹಾಸಿ ಒಯ್ಯಿರಿ, ಕೈಯಾಗ ಹಿಡಕೊಂಡು ಹೋದ್ರ ನಾಯಿ ನೋಡಿ ಜಿಗೀತದ.