ವಿವರಣೆ: ಲಾನ್ ಮೋವರ್ ಸ್ಟಾರ್ಟ್ ಆಗದಿದ್ದರೆ ಸೀಟ್ ಸ್ವಿಚ್ ಬೈಪಾಸ್ ಮಾಡಬಹುದೇ?

ಅಮೆರಿಕದಲ್ಲಿ ಮನೆಯ ಸುತ್ತಲಿನ ದೊಡ್ಡ ಹುಲ್ಲುಹಾಸನ್ನು ಕತ್ತರಿಸಲು ಕುಳಿತು ಓಡಿಸುವ ಲಾನ್ ಮೋವರ್ ಬಳಸುವವರು ಬಹಳ. ಚಳಿಗಾಲವಿಡೀ ಶೆಡ್‌ನಲ್ಲಿದ್ದ ಯಂತ್ರ ವಸಂತದಲ್ಲಿ ಸ್ಟಾರ್ಟ್ ಆಗದಿದ್ದಾಗ, "ಸೀಟಿನ ಕೆಳಗಿನ ಸ್ವಿಚ್‌ನ ವೈರ್‌ಗಳನ್ನು ಒಂದಕ್ಕೊಂದು ಜೋಡಿಸಿಬಿಡಿ" ಎಂಬ ಸಲಹೆ ಕೇಳಿಬರುತ್ತದೆ. ಇದು ಸರಿಯೇ?

ಅಲ್ಲ, ಇದು ಅಪಾಯಕಾರಿ. ಬ್ಲೇಡ್ ತಿರುಗುತ್ತಿರುವಾಗ ಚಾಲಕರು ಸೀಟಿನಿಂದ ಎದ್ದರೆ ಅಥವಾ ಬಿದ್ದರೆ ಅದನ್ನು ನಿಲ್ಲಿಸುವುದೇ ಈ ಸ್ವಿಚ್‌ನ ಕೆಲಸ. ಬೈಪಾಸ್ ಮಾಡಿದರೆ ಬ್ಲೇಡ್ ತಿರುಗುತ್ತಲೇ ಇರುತ್ತದೆ. ಬಿದ್ದವರ ಅಥವಾ ಹತ್ತಿರ ಬಂದ ಮಗುವಿನ ಕಾಲೇ ತುಂಡಾಗಬಹುದು.

ಹಾಗಾದರೆ ಏನು ಪರೀಕ್ಷಿಸಬೇಕು?

ಮೊದಲು ಸೀಟಿನಲ್ಲಿ ಸರಿಯಾಗಿ ಕುಳಿತು, ಬ್ರೇಕ್ ಪೂರ್ತಿ ಒತ್ತಿ, ಬ್ಲೇಡ್ ಆಫ್ ಇದೆಯೇ ನೋಡಿ. ಇವುಗಳಲ್ಲಿ ಒಂದು ತಪ್ಪಿದರೂ ಹೆಚ್ಚಿನ ಮೋವರ್‌ಗಳು ಸ್ಟಾರ್ಟ್ ಆಗುವುದಿಲ್ಲ.

ಕೀ ತಿರುಗಿಸಿದಾಗ ಬರೀ 'ಟಕ್' ಸದ್ದು ಬಂದರೆ ಬ್ಯಾಟರಿಯತ್ತ ಗಮನ ಕೊಡಿ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಟರ್ಮಿನಲ್‌ಗಳಲ್ಲಿ ತುಕ್ಕು ಇದ್ದರೆ ಸ್ವಚ್ಛಗೊಳಿಸಿ. ಸದ್ದೇ ಇಲ್ಲವೆಂದರೆ ಫ್ಯೂಸ್ ಕೂಡ ನೋಡಿ.

ಎಂಜಿನ್ ತಿರುಗಿದರೂ ಹೊತ್ತಿಕೊಳ್ಳದಿದ್ದರೆ ಹಳೆಯ ಪೆಟ್ರೋಲ್ ಕಾರಣವಿರಬಹುದು. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರ್‌ನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಅದರಲ್ಲಿರುವ ಎಥೆನಾಲ್ ನೀರನ್ನೂ ಹೀರುತ್ತದೆ. ಹಳೆಯದನ್ನು ತೆಗೆದು ಹೊಸದು ಹಾಕಿ. ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಪರೀಕ್ಷಿಸಿ.

ಸೀಟ್ ಸ್ವಿಚ್ ನಿಜಕ್ಕೂ ಕೆಟ್ಟಿದ್ದರೆ ಹೊಸದನ್ನು ಹಾಕಿಸಿ. ಬೈಪಾಸ್ ಸಲಹೆಯನ್ನು ಮಾತ್ರ ಯಾರಿಗೂ ಫಾರ್ವರ್ಡ್ ಮಾಡಬೇಡಿ.